ಕಹಿ ಬೇರೆ, ಒಗರು ಬೇರೆ

ಸೆಮಿಸ್ಟರ್ ರಜೆ ಮುಗಿಸಿ ಬಂದ ನಮ್ಮ ರೂಮಿನ ಸಕಲೇಶಪುರದವನು ಬ್ಯಾಗಿನಲ್ಲಿ ಎರಡು ಪೊಟ್ಟಣ ಹುರಿದ ಕಾಫಿ ಬೀಜ ತಂದಿದ್ದ. ಒಂದು ಅವರ ತೋಟದ ಅರೇಬಿಕಾ, ಇನ್ನೊಂದು ರೋಬಸ್ಟಾ. ಜೊತೆಗೊಂದು ಜಗಳವನ್ನೂ ತಂದಿದ್ದ. ಬಿಳಿ ಕಾಂಡಕೊರಕದ ಕಾಟ ತಡೆಯಲಾರದೆ ಅವರಪ್ಪ ಅರೇಬಿಕಾ ಕಿತ್ತು ಪೂರ್ತಿ ರೋಬಸ್ಟಾ ಹಾಕ್ತೀನಿ ಅಂತಿದ್ದಾರೆ. ರೋಬಸ್ಟಾಗೆ ಆ ಹುಳದ ಭಯ ಇಲ್ಲ. "ಅದು ಇನ್‌ಸ್ಟಂಟ್ ಪುಡಿಗೆ ಹೋಗೋ ಮಾಲು ಕಣ್ರೋ, ತಾತ ಹಾಕಿದ ಗಿಡ ಕೀಳೋದಾ?" ಅಂತ ಇವನು.

ವಾದ ಮಾಡೋದಕ್ಕಿಂತ ಕುಡಿದು ನೋಡೋಣ ಅಂತ ನಾವು ನಾಲ್ಕೂ ಜನ ಕೂತೆವು. ಇರೋದು ಕೈಗ್ರೈಂಡರ್ ಮತ್ತು ಮೋಕಾ ಪಾಟ್. ಎಸ್ಪ್ರೆಸೊಗೆ ಸುಮಾರು 9 ಬಾರ್ ಒತ್ತಡ ಬೇಕು, ಮೋಕಾ ಪಾಟ್ ಅದರ ಹತ್ತಿರಕ್ಕೂ ಬರಲ್ಲ. ಹಾಗಾಗಿ ನಮ್ಮದನ್ನು ಎಸ್ಪ್ರೆಸೊದ ಬಡ ತಮ್ಮ ಅನ್ನಿ.

ಮೊದಲ ತೊಡಕು ನಾಲಿಗೆಯದ್ದಲ್ಲ, ಮಾತಿನದ್ದು. ಹಾಲು ಸಕ್ಕರೆ ಇಲ್ಲದ ಕಾಫಿ ಬಾಯಿಗಿಟ್ಟರೆ ಎಲ್ಲರ ಬಾಯಲ್ಲೂ ಒಂದೇ ಪದ: ಕಹಿ. ಅದಕ್ಕೆ ಅಡುಗೆಮನೆಯಿಂದಲೇ ಪಾಠ ಶುರುಮಾಡಿದೆವು. ಹಾಗಲಕಾಯಿ ಚೂರು ಕಚ್ಚಿ, ಆಮೇಲೆ ಬಾಳೆಕಾಯಿ ಚೂರು. ಹಾಗಲ ಕಹಿ, ಬಾಳೆಕಾಯಿ ಒಗರು, ನಾಲಿಗೆ ಒಣಗಿಸುತ್ತೆ. ನಿಂಬೆ ನೀರು, ಹುಣಸೆ ನೀರು, ಮಜ್ಜಿಗೆ ಚಪ್ಪರಿಸಿದರೆ ಹುಳಿಯಲ್ಲೇ ಮೂರು ಬಗೆ. ಇಷ್ಟಾದ ಮೇಲೆ ಅರೇಬಿಕಾದಲ್ಲಿ ನಿಂಬೆಯಂಥ ಹುಳಿ ತಾನಾಗೇ ಸಿಕ್ಕಿತು, ಅದೂ ಆರಿದ ಮೇಲೆ ಹೆಚ್ಚು. ಮೈಸೂರಿನವನಿಗೆ ಮಾತ್ರ ಬೇಜಾರು. ಇಷ್ಟು ವರ್ಷ ಅವನು "ಸ್ಟ್ರಾಂಗ್" ಅಂತ ಹೊಗಳುತ್ತಿದ್ದ ರುಚಿಯಲ್ಲಿ ಅರ್ಧ ಚಿಕೋರಿಯದ್ದಂತೆ.

ಮನೆಯ ರೋಬಸ್ಟಾ ನಿಜಕ್ಕೂ ಚೆನ್ನಾಗಿರಲಿಲ್ಲ. ಹಳೇ ಗೋಣಿಚೀಲದ ವಾಸನೆ. ಸಕಲೇಶಪುರದವನು ಗೆದ್ದೆ ಅಂತ ಮೀಸೆ ತಿರುವಿದ. ಆದರೆ ನಮ್ಮಲ್ಲೊಬ್ಬ ಕೇಳಿದ: "ಎರಡನ್ನೂ ಒಂದೇ ಥರ ಒಣಗಿಸಿದ್ರಾ?" ಇಲ್ಲ. ಅರೇಬಿಕಾ ಪಲ್ಪ್ ಮಾಡಿ, ತೊಳೆದು ಒಣಗಿಸಿದ ಪಾರ್ಚ್‌ಮೆಂಟು. ರೋಬಸ್ಟಾ ಹಣ್ಣನ್ನು ಹಾಗೇ ಕಣದಲ್ಲಿ ಹರವಿದ ಚೆರ್ರಿ. ಎರಡು ವೇರಿಯಬಲ್ ಒಟ್ಟಿಗೇ ಬದಲಾಯಿಸಿ ಒಂದರ ಮೇಲೆ ತೀರ್ಪು ಕೊಟ್ಟಿದ್ದೆವು! ಲ್ಯಾಬಲ್ಲಿ ಹೀಗೆ ಮಾಡಿದ್ದರೆ ರೆಕಾರ್ಡ್ ವಾಪಸ್ ಬರ್ತಿತ್ತು.

ಚಿಕ್ಕಮಗಳೂರಿನಿಂದ ತೊಳೆದ ರೋಬಸ್ಟಾ ಕಾಲು ಕೆಜಿ ತರಿಸಿದೆವು. 70 ಪಾಲು ಅರೇಬಿಕಾಗೆ ಇದರ 30 ಪಾಲು ಬೆರೆಸಿದೆವು. ಇಟಲಿಯ ಎಸ್ಪ್ರೆಸೊ ಬ್ಲೆಂಡುಗಳಲ್ಲೂ ನೊರೆ, ಗಟ್ಟಿತನಕ್ಕೆ ರೋಬಸ್ಟಾ ಸೇರಿಸುವ ರೂಢಿ ಇದೆ. ಆಮೇಲೆ ಟ್ರಯಾಂಗಲ್ ಟೆಸ್ಟ್: ಮೂರು ಲೋಟ, ಎರಡರಲ್ಲಿ ಒಂದೇ ಕಾಫಿ, ಬೇರೆಯದನ್ನು ಕಂಡುಹಿಡಿಯಬೇಕು. ಕಣ್ಣಿಗೆ ಟವೆಲ್. ಸುಮ್ಮನೆ ಊಹಿಸಿದರೂ ಮೂರಕ್ಕೊಂದು ಸರಿಯಾಗುತ್ತೆ, ಹಾಗಾಗಿ 12 ಸುತ್ತಿನಲ್ಲಿ ಕನಿಷ್ಠ 8 ಸರಿಯಾದರೆ ಮಾತ್ರ ನಂಬೋದು ಅಂತ ಲೆಕ್ಕ ಹಾಕಿಟ್ಟೆವು. ಮೊದಲ ದಿನವೇ ಆರು ಸುತ್ತು ಮುಗಿಸಿ ರಾತ್ರಿ ಮೂರರವರೆಗೂ ಯಾರಿಗೂ ನಿದ್ದೆ ಇಲ್ಲ. ರೋಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ದುಪ್ಪಟ್ಟು ಅನ್ನೋದು ಆಗ ಮೈಗೆ ಗೊತ್ತಾಯಿತು.

ಅವರ ತೋಟದ ಚೆರ್ರಿಯನ್ನು ಅವನು 12ಕ್ಕೆ 11 ಸಲ ಹಿಡಿದ. ಬ್ಲೆಂಡನ್ನು ಹಿಡಿದದ್ದು ಐದೇ ಸಲ. ಕೊನೆಗೆ ಯಾವ ಲೋಟ ಇಷ್ಟ ಅಂತ ಕೇಳಿದರೆ ಬ್ಲೆಂಡಿನದ್ದನ್ನೇ ಎತ್ತಿದ. ಟವೆಲ್ ತೆಗೆದು ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆ ರಾತ್ರಿ ಮನೆಗೆ ಫೋನ್ ಮಾಡಿದ. ನಾವು ಪಾತ್ರೆ ತೊಳೆಯುವ ನೆಪದಲ್ಲಿ ಕೇಳಿಸಿಕೊಂಡೆವು.

"ಅಪ್ಪಾ, ರೋಬಸ್ಟಾನೂ ಪಲ್ಪ್ ಮಾಡಿ ಒಣಗ್ಸಿದ್ರೆ ಹೆಂಗೆ?"

ಸ್ಪೀಕರಲ್ಲಿ ಅವರಪ್ಪ ನಕ್ಕರು. "ಮಾಡಬಹುದು ಮಗಾ. ಫೆಬ್ರವರೀಲಿ ಕೆರೇಲಿ ನೀರೆಲ್ಲಿರುತ್ತೆ ಹೇಳು."

ಇವನು ಪೆನ್ನು ಹುಡುಕಿಕೊಂಡು, ಒಂದು ಟನ್ ಹಣ್ಣಿಗೆ ಎಷ್ಟು ನೀರು ಬೇಕಾಗುತ್ತೆ ಅಂತ ಕೇಳತೊಡಗಿದ.