ಬಾಯಿಗೆ ಅಡ್ಡ ಬಂದ ದುಪಟ್ಟಾ

2024ರ ರಮಝಾನಿನಲ್ಲಿ ಒಂದು ಸಂಜೆ ಇಫ್ತಾರಿಗೆ ಕುಳಿತಿದ್ದೆವು. ಖರ್ಜೂರ ಬಾಯಿಗಿಟ್ಟು ಕಚ್ಚಿದೆ. ಕಟ್ ಎಂದು ಸದ್ದಾಯಿತು. ಬೀಜ ಒಡೆಯಿತು ಅಂದುಕೊಂಡು ಅಂಗೈಗೆ ಉಗುಳಿ ನೋಡಿದರೆ ಬೀಜ ಇಡಿಯಾಗಿಯೇ ಇತ್ತು. ಅದರ ಪಕ್ಕದಲ್ಲಿ ಕಂದು ಬಣ್ಣದ ಹಲ್ಲಿನ ಚೂರೊಂದು ಬಿದ್ದಿತ್ತು.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆದರೆ ತರಾವೀಹ್ ಮುಗಿಯುವಷ್ಟರಲ್ಲಿ ನೋವು ದವಡೆಯಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ ಏರಿತ್ತು. ಲವಂಗ ಇಟ್ಟೆ, ಉಪ್ಪುನೀರು ಮುಕ್ಕಳಿಸಿದೆ. ಸಹರಿಗೆ ಒಂದು ಮಾತ್ರೆ, ಇಫ್ತಾರಿಗೆ ಒಂದು ಮಾತ್ರೆ ಎಂದು ಉಳಿದ ದಿನಗಳನ್ನು ದೂಡಿದೆ. ನಮ್ಮ ಧರ್ಮದಲ್ಲಿ ರೋಗಿಗೆ ಉಪವಾಸದಿಂದ ವಿನಾಯಿತಿ ಇದೆ; ಗುಣವಾದ ಮೇಲೆ ಬಿಟ್ಟದ್ದನ್ನು ಪೂರೈಸಬಹುದು. ಹಿಂದಿನ ವರ್ಷ ನನಗೆ ಜ್ವರ ಬಂದಾಗ ಅತ್ತೆಯೇ ಬಲವಂತ ಮಾಡಿ ಉಪವಾಸ ಬಿಡಿಸಿದ್ದರು. ಈಗ ನನ್ನ ಊದಿದ ಕೆನ್ನೆ ನೋಡಿ ಅವರು ಅಂದದ್ದು ಇಷ್ಟೇ: "ದಾಂತಿಚ್ ಹೈ ನಾ, ಜಾನ್ ತೋ ನೈ ಗಯೀ." ಹಲ್ಲು ತಾನೆ, ಜೀವವೇನೂ ಹೋಗಿಲ್ಲವಲ್ಲ.

ಅತ್ತೆ ಕಟುಕರಲ್ಲ. ಅವರ ಬಾಯಲ್ಲಿ ಅವರದೇ ಆದ ಒಂದು ಹಲ್ಲೂ ಉಳಿದಿಲ್ಲ. ಐವತ್ತು ತುಂಬುವ ಮೊದಲೇ ಒಂದೊಂದಾಗಿ ಎಲ್ಲವನ್ನೂ ಕೀಳಿಸಿಕೊಂಡವರು. ಕೂದಲು ನರೆಯುವ ಹಾಗೆ ಹಲ್ಲು ಹೋಗುವುದೂ ಹೆಂಗಸಿನ ವಯಸ್ಸಿನ ಒಂದು ಭಾಗ ಎಂದೇ ಅವರ ತಿಳಿವಳಿಕೆ. ನಮ್ಮ ಮನೆಗಳಲ್ಲಿ ಹಲ್ಲುನೋವಿಗೆ ಇದ್ದದ್ದು ಒಂದೇ ಔಷಧಿ, ಕೀಳಿಸುವುದು. ಸಿರಾದ ಸಂತೆಯಲ್ಲಿ ಗೋಣಿತಾಟಿನ ಮೇಲೆ ಇಕ್ಕಳ, ಕಿತ್ತ ಹಲ್ಲುಗಳ ರಾಶಿ ಹರಡಿಕೊಂಡು ಕೂತಿರುತ್ತಿದ್ದವನ ಮುಂದೆ ಅಬ್ಬಾ ನನ್ನ ಚಿಕ್ಕಪ್ಪನ ತಲೆ ಹಿಡಿದುಕೊಂಡದ್ದು ನನಗೆ ಇನ್ನೂ ನೆನಪಿದೆ.

ಈದ್ ಮುಗಿದ ಮೂರನೆಯ ದಿನ ಮಧುಗಿರಿಯ ಒಂದು ದಂತ ಚಿಕಿತ್ಸಾಲಯಕ್ಕೆ ಹೋದೆ. ಎಕ್ಸ್‌ರೇ ತೆಗೆದ ವೈದ್ಯೆ ಎರಡು ಹಲ್ಲು ಕೆಟ್ಟಿವೆ ಎಂದರು. ಮುರಿದದ್ದು ಒಂದು, ಅದರ ಪಕ್ಕದ್ದು ಒಳಗೇ ಹುಳುಕು ಹಿಡಿದದ್ದು. ಬಿಳಿ ಚೀಟಿಯ ಮೇಲೆ ಲೆಕ್ಕ ಬರೆದುಕೊಟ್ಟರು. ಎರಡು ರೂಟ್ ಕೆನಾಲ್, ಎರಡು ಕ್ಯಾಪ್, ಒಟ್ಟು 19,500 ರೂಪಾಯಿ. ಕೀಳಿಸುವುದಾದರೆ ಹಲ್ಲಿಗೆ 500. ಕೆಳಗೆ ಏನೂ ಬರೆಯದೆ, "ಯೋಚನೆ ಮಾಡಿ ಹೇಳಿ" ಎಂದರು.

ನಾನು ಖಾಸಗಿ ಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು. ಆ ಮೊತ್ತ ನನ್ನ ಒಂದೂವರೆ ತಿಂಗಳ ಸಂಬಳಕ್ಕಿಂತ ಹೆಚ್ಚು. ಇಪ್ಪತ್ತು ವರ್ಷ ಬರೆದ ಕತೆಗಳ ಸಂಭಾವನೆಯನ್ನೆಲ್ಲ ಕೂಡಿಸಿದರೂ ಎರಡು ಕ್ಯಾಪ್ ಬರುವುದು ಅನುಮಾನ. ಕೈಯಲ್ಲಿದ್ದದ್ದು ಮಗಳ ಕಾಲೇಜಿಗೆಂದು ಕೂಡಿಟ್ಟ ಚೀಟಿ ದುಡ್ಡು ಮಾತ್ರ. ಆರೋಗ್ಯ ವಿಮೆ ಇದೆಯಲ್ಲ ಎಂದು ಪತಿ ಪಾಲಿಸಿ ತೆಗೆದು ನೋಡಿದರು. ಅಪಘಾತದಲ್ಲಿ ಹಲ್ಲು ಮುರಿದರೆ ಮಾತ್ರ ಅದರಲ್ಲಿ ದುಡ್ಡು ಬರುತ್ತದಂತೆ. ಖರ್ಜೂರದ ಬೀಜ ಅಪಘಾತವಲ್ಲ. ಹೃದಯಕ್ಕೆ, ಮೂತ್ರಪಿಂಡಕ್ಕೆ ನೆರವಾಗುವ ಸರಕಾರಿ ಕಾರ್ಡೂ ಇಂಥ ಸಾಮಾನ್ಯ ಹಲ್ಲಿನ ಚಿಕಿತ್ಸೆಗೆ ಒದಗುವುದಿಲ್ಲ. ಅತ್ತೆಯ ಮಾತನ್ನೇ ಎಲ್ಲರೂ ಬೇರೆ ಬೇರೆ ಭಾಷೆಯಲ್ಲಿ ಹೇಳುತ್ತಿದ್ದಾರೆ ಅನಿಸಿತು. ಹಲ್ಲು ತಾನೆ.

ರೂಟ್ ಕೆನಾಲ್ ಎಂದರೆ ದುಡ್ಡು ಕೀಳುವ ಉಪಾಯ ಎಂದು ನಾನೂ ನಂಬಿದ್ದವಳೇ. ಎರಡನೆಯ ಸಲ ಹೋದಾಗ ವೈದ್ಯೆ ಬಿಡಿಸಿ ಹೇಳಿದರು. ಹಲ್ಲಿನ ಬೇರಿನೊಳಗೆ ಕೂದಲೆಳೆಯಂಥ ನಾಳಗಳಿರುತ್ತವೆ. ಅಲ್ಲಿಯ ಕೊಳೆತ ನರವನ್ನು ತೆಗೆದು, ಶುಚಿ ಮಾಡಿ, ರಬ್ಬರಿನಂಥ ವಸ್ತುವಿನಿಂದ ತುಂಬುತ್ತಾರೆ. ಹಾಗೆ ಉಳಿಸಿದ ದವಡೆ ಹಲ್ಲು ಅಗಿಯುವ ಭಾರಕ್ಕೆ ಸೀಳಬಹುದು, ಅದಕ್ಕೇ ಮೇಲೊಂದು ಕ್ಯಾಪ್. ಕಿತ್ತು ಹಾಗೇ ಬಿಟ್ಟರೆ ಅಕ್ಕಪಕ್ಕದ ಹಲ್ಲುಗಳು ಖಾಲಿ ಜಾಗಕ್ಕೆ ವಾಲುತ್ತವೆ, ಎದುರಿನ ಹಲ್ಲು ಇಳಿಯುತ್ತದೆ. 500 ರೂಪಾಯಿಯ ದಾರಿ ಅಲ್ಲಿಗೇ ನಿಲ್ಲುವುದಿಲ್ಲ ಎಂದು ಆಗ ತಿಳಿಯಿತು.

ನಂತರ ಅವರು ಕನ್ನಡಿಯನ್ನು ನನ್ನ ಮುಂದಿನ ಹಲ್ಲುಗಳ ಮೇಲೆ ಹಿಡಿದು ಕೇಳಿದರು: "ಚಿಕ್ಕಂದಿನಲ್ಲಿ ಯಾವ ಊರಿನ ನೀರು ಕುಡಿದಿರಿ?"

"ಪಾವಗಡ" ಎಂದೆ.

"ಹಾಗೇ ಅಂದುಕೊಂಡೆ" ಎಂದರು.

ಕುರ್ಚಿಯಲ್ಲಿ ಮಲಗಿದ್ದವಳಿಗೆ ಬಟ್ಟೆ ಜಾರಿದಂತಾಯಿತು. ನಲವತ್ತು ದಾಟಿದ ಹೆಂಗಸು, ನಾಲ್ಕು ಜನ ಓದುವ ಕತೆ ಬರೆದವಳು, ಆದರೆ ಹಲ್ಲಿನ ಬಣ್ಣವನ್ನು ಯಾರಾದರೂ ಎತ್ತಿ ಆಡಿದರೆ ಇಂದಿಗೂ ನಾನು ಹತ್ತು ವರ್ಷದ ಹುಡುಗಿಯಾಗುತ್ತೇನೆ.

ನಮ್ಮ ಕೇರಿಯ ತಿರುವಿನಲ್ಲಿ ಬೋರ್‌ವೆಲ್ಲಿನ ಕೈಪಂಪು ಇತ್ತು. ನಾವು ಹುಟ್ಟಿದ 1980ರ ದಶಕದಲ್ಲಿ ಬಾವಿಗಳು ಬತ್ತುತ್ತಾ, ಬೋರ್‌ವೆಲ್ಲುಗಳು ಆಳಕ್ಕೆ ಇಳಿಯುತ್ತಾ ಹೋದವು. ಪಾವಗಡದ ನೆಲದಡಿ ಇರುವುದು ಗ್ರಾನೈಟ್ ಬಂಡೆ. ಅದರ ಖನಿಜಗಳಲ್ಲಿರುವ ಫ್ಲೋರೈಡ್ ನಿಧಾನವಾಗಿ ನೀರಿಗೆ ಬಿಡುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಪಾವಗಡದ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರು ಆ ಗೆರೆಯನ್ನು ದಾಟಿದ್ದು. ಮಗುವಿಗೆ ಸುಮಾರು ಎಂಟು ವರ್ಷವಾಗುವವರೆಗೆ ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುತ್ತಿರುತ್ತವೆ. ಆ ವರ್ಷಗಳಲ್ಲಿ ಕುಡಿದ ನೀರಿನ ಗುರುತು ಹಲ್ಲಿನ ಒಳಗೇ ಬರೆದುಹೋಗುತ್ತದೆ. ಹೊರಗೆ ಬಂದ ಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹೆಚ್ಚಾದಲ್ಲಿ ಹೊರಪದರವೇ ಗಟ್ಟಿಯಾಗದೆ ಚೂರಾಗಿ ಏಳುತ್ತದೆ.

ಇದು ನಮ್ಮೂರಿನ ಶಾಪವೇನೂ ಅಲ್ಲ. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿನ ಜನರ ಹಲ್ಲಿನ ಕಂದು ಕಲೆಯನ್ನು ಫ್ರೆಡರಿಕ್ ಮೆಕೆ ಎಂಬ ದಂತವೈದ್ಯರು 1901ರಲ್ಲಿ ಗಮನಿಸಿದರು. ಕಾರಣ ನೀರಿನ ಫ್ಲೋರೈಡ್ ಎಂದು ಗೊತ್ತಾಗಲು 1931ರವರೆಗೆ ಕಾಯಬೇಕಾಯಿತು. ಅಳತೆಯಲ್ಲಿದ್ದರೆ ಅದೇ ಫ್ಲೋರೈಡ್ ಹುಳುಕನ್ನು ತಡೆಯುತ್ತದೆ ಎಂದು 1945ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ತನ್ನ ನೀರಿಗೆ ಅದನ್ನು ಸೇರಿಸಿಕೊಂಡಿತು. ನಮ್ಮ ನೆರೆಯ ನೆಲ್ಲೂರು ಸೀಮೆಯಲ್ಲಿ ಮೂಳೆಯನ್ನೇ ಬಗ್ಗಿಸುವ ಫ್ಲೋರೈಡ್ ರೋಗ 1937ರಲ್ಲೇ ವರದಿಯಾಗಿತ್ತು. ಆದರೆ ಆ ಸುದ್ದಿ ನಮ್ಮ ಕೇರಿಗೆ ಬಂದಿರಲಿಲ್ಲ.

ಅಬ್ಬಾ ಸಿರಾದವರು, ಬಾವಿ ನೀರು ಕುಡಿದು ಬೆಳೆದವರು. ಅವರ ಹಲ್ಲು ಬೆಳ್ಳಗಿದ್ದವು. ಅಂಗಿಯ ಜೇಬಿನಲ್ಲಿ ಸದಾ ಮಿಸ್ವಾಕ್ ಇರುತ್ತಿತ್ತು, ಪ್ರತಿ ವುಝೂವಿಗೂ ಬಳಸುತ್ತಿದ್ದರು. ತಮ್ಮ ಹಲ್ಲಿನ ಬಿಳುಪು ಮಿಸ್ವಾಕಿನದು, ನಮ್ಮ ಹಲ್ಲಿನ ಕಂದು ಸೋಮಾರಿತನದ್ದು ಎಂದು ಅವರು ನಂಬಿದ್ದರು. ಅಮ್ಮಿ ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ ಹಾಕಿ ನನ್ನ ಮತ್ತು ಆಪಾಳ ಹಲ್ಲನ್ನು ರಕ್ತ ಬರುವಂತೆ ಉಜ್ಜುತ್ತಿದ್ದರು. ಉರ್ದು ಶಾಲೆಯಲ್ಲಿ ಎಲ್ಲರ ಹಲ್ಲೂ ನಮ್ಮಂತೆಯೇ ಇದ್ದುದರಿಂದ ಯಾರೂ ಏನೂ ಅನ್ನಲಿಲ್ಲ. ಹೈಸ್ಕೂಲಿಗೆ ಮಧುಗಿರಿಯ ಖಾಲಾ ಮನೆಗೆ ಬಂದು ಕನ್ನಡ ಮಾಧ್ಯಮಕ್ಕೆ ಸೇರಿದಾಗ ಮೇಷ್ಟರೊಬ್ಬರು ತರಗತಿಯ ಮುಂದೆಯೇ, "ಹಲ್ಲುಜ್ಜಿ ಬರೋದಿಲ್ವೇನಮ್ಮಾ?" ಎಂದು ಕೇಳಿದರು. ಅಬ್ಬಾ ತೀರಿಕೊಂಡು ಹನ್ನೆರಡು ವರ್ಷವಾಯಿತು. ತಪ್ಪು ನೀರಿನದು, ಮಕ್ಕಳದ್ದಲ್ಲ ಎಂದು ಅವರಿಗೆ ಹೇಳಲಾಗಲಿಲ್ಲ ಎಂಬುದೊಂದು ಕೊರಗು ನನ್ನಲ್ಲಿ ಉಳಿದಿದೆ.

ಹಾಗಾಗಿ ನಾನೂ ಆಪಾಳೂ ನಗುವಾಗ ದುಪಟ್ಟಾದ ತುದಿಯನ್ನು ಬಾಯಿಗೆ ಅಡ್ಡ ಹಿಡಿಯುವುದನ್ನು ಕಲಿತೆವು. ನೆಂಟರು ಅದನ್ನು ಹಯಾ ಎಂದು ಕರೆದರು. "ಈ ಹುಡುಗಿಯರಲ್ಲಿ ಎಷ್ಟು ನಾಚಿಕೆ ನೋಡಿ" ಎಂದು ಹೊಗಳಿದರು. ನಮ್ಮ ಹಯಾ ಅರ್ಧ ಬೋರ್‌ವೆಲ್ಲಿನದು ಎಂದು ನಮಗಿಬ್ಬರಿಗೆ ಮಾತ್ರ ಗೊತ್ತಿತ್ತು.

ಇನ್ನೊಂದು ಸಂಗತಿಯನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದ್ದೇನೆ. ಆಪಾ ಪಾವಗಡದಲ್ಲೇ ಉಳಿದಳು. ಅವಳ ಮಗಳಿಗೆ ಈಗ ಇಪ್ಪತ್ತಮೂರು, ಬಿ.ಕಾಂ. ಮುಗಿಸಿದ್ದಾಳೆ. ನನ್ನ ಹಲ್ಲು ಮುರಿಯುವ ಒಂದು ವರ್ಷ ಮೊದಲು ಆಪಾ ಫೋನ್ ಮಾಡಿದ್ದಳು. ಮಗಳ ಮುಂದಿನ ಹಲ್ಲು ಸರಿಮಾಡಿಸಲು ಹದಿನೈದು ಸಾವಿರ ಕೇಳುತ್ತಿದ್ದಾರೆ, ಅರ್ಧದಷ್ಟಾದರೂ ಸಾಲ ಕೊಡುವೆಯಾ ಎಂದಳು. ಹುಡುಗಿಯನ್ನು ನೋಡಿಹೋದ ಎರಡು ಮನೆಯವರು ತಿರುಗಿ ಮಾತಾಡಿರಲಿಲ್ಲ. ನಾನು ಅಂದೆ: "ಆಪಾ, ಅದು ಅಲಂಕಾರದ ಖರ್ಚು. ಹಲ್ಲು ನೋಡಿ ಹುಡುಗಿಯನ್ನು ಬೇಡ ಅನ್ನುವವರ ಮನೆ ನಮಗೇಕೆ?"

ಮಾತೇನೋ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ಒಂದು ಕತೆಯ ಕೊನೆಯಲ್ಲಿ ಅದನ್ನೇ ಬಳಸಿಕೊಂಡೆ. ಆಗ ಚೀಟಿಯ ದುಡ್ಡು ನನ್ನ ಬೀರುವಿನಲ್ಲಿತ್ತು. ಈಗ ನನ್ನ ಬಾಯಿಗೆ ಬಂದಾಗ ಅದೇ ದುಡ್ಡನ್ನು ತೆಗೆಯುವುದೋ ಬೇಡವೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ, ಒಂದು ಸಲವೂ ಅದು ಅಲಂಕಾರ ಅನಿಸಲಿಲ್ಲ. ಪ್ರಗತಿಪರ ಮಾತು ಕೆಲವು ಸಲ ಜಿಪುಣತನಕ್ಕೆ ಹೊದಿಸಿದ ದುಪಟ್ಟಾ ಆಗಿರುತ್ತದೆ.

ಕಂತಿನಲ್ಲಿ ಕಟ್ಟಬಹುದು ಎಂದು ಚಿಕಿತ್ಸಾಲಯದಲ್ಲಿ ಹೇಳಿದ್ದರು. ಬಡ್ಡಿಯ ದಾರಿ ಬೇಡವೆಂದು ಪತಿ ಅಂದರು. ದಾರಿ ತೋರಿಸಿದವಳು ಕೊರಟಗೆರೆಯಿಂದ ಬರುವ ನನ್ನ ಸಹೋದ್ಯೋಗಿ. ತುಮಕೂರಿನ ಅಗಳಕೋಟೆಯಲ್ಲಿರುವ ಶ್ರೀ ಸಿದ್ಧಾರ್ಥ ದಂತ ವೈದ್ಯಕೀಯ ಕಾಲೇಜಿಗೆ ಅವಳು ತಾಯಿಯನ್ನು ಕರೆದೊಯ್ದಿದ್ದಳಂತೆ. ದಂತ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರು ಚಿಕಿತ್ಸೆ ಮಾಡುತ್ತಾರೆ. ಹಣ ಕಡಿಮೆ, ಸಮಯ ಹೆಚ್ಚು. ಬೆಂಗಳೂರಿನಲ್ಲಿ 1958ರಿಂದ ಸರಕಾರಿ ದಂತ ಕಾಲೇಜೇ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿಲ್ಲ. ಮಧುಗಿರಿಯಿಂದ ಕೊರಟಗೆರೆಯ ಮೇಲೆ ತುಮಕೂರಿಗೆ ಆರು ಸಲ ಓಡಾಡಿದೆ. ಬಸ್ಸಿನ ಖರ್ಚು ಉಳಿಯಿತು, ಆರು ದಿನದ ಸಂಬಳ ಕಡಿತವಾಯಿತು. ಆದರೂ ಒಟ್ಟು ಲೆಕ್ಕ ಮೊದಲಿನ ಚೀಟಿಯ ಅರ್ಧವನ್ನು ಮುಟ್ಟಲಿಲ್ಲ.

ಕಾಯುವ ಬೆಂಚಿನ ಮೇಲೆ ಸಿರಾ ಕಡೆಯ ರೈತರೊಬ್ಬರು ಸಿಕ್ಕಿದರು. ಉಳಿದ ಹಲ್ಲುಗಳನ್ನು ತೆಗೆಸಿ ಸೆಟ್ ಹಾಕಿಸಿಕೊಳ್ಳಲು ಬಂದಿದ್ದರು. ಬಡ ಹಿರಿಯರಿಗೆ ಸರಕಾರದ ದಂತಭಾಗ್ಯದಲ್ಲಿ ಉಚಿತವಾಗಿ ಹಲ್ಲಿನ ಸೆಟ್ ಕೊಡುತ್ತಿದ್ದರೆಂದು ಕೇಳಿ ವಿಚಾರಿಸುತ್ತಿದ್ದರು. "ಗಾದೆ ಇದೆಯಲ್ಲಮ್ಮಾ, ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತ. ನಮ್ಮ ಹೊಲದಲ್ಲಿ ಯಾವಾಗಲೂ ಕಡಲೆಕಾಯಿಯೇ. ಹಲ್ಲು ಮಾತ್ರ ಕಾಯಲಿಲ್ಲ" ಎಂದು ನಕ್ಕರು. ನಗುವಾಗ ಅವರೂ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡರು.

ಆ ಸಂಜೆ ಆಪಾಗೆ ಫೋನ್ ಮಾಡಿದೆ. "ಅವತ್ತು ನಾನು ಅಂದದ್ದು ತಪ್ಪು" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಹಲ್ಲು ಈಗಲೂ ನೋಯುತ್ತಿದೆಯಾ?" ಎಂದು ಕೇಳಿದಳು. ಬೈದಿದ್ದರೆ ಹಗುರಾಗುತ್ತಿತ್ತು.

ಮುಂದಿನ ಸಲ ಅವಳ ಮಗಳು ಮುಂಜಾನೆಯ ಬಸ್ಸಿಗೆ ಪಾವಗಡದಿಂದ ಬಂದಳು, ನಾನು ಮಧುಗಿರಿಯಲ್ಲಿ ಜೊತೆಯಾದೆ. ಮೇಲಿನ ಕಲೆಯನ್ನು ಸ್ವಲ್ಪ ಉಜ್ಜಿ ತೆಗೆದು, ಮುಂದಿನ ನಾಲ್ಕು ಹಲ್ಲುಗಳಿಗೆ ಹಲ್ಲಿನ ಬಣ್ಣದ ತೆಳು ಪದರ ಕೂರಿಸಿದರು. ಕೆಲವು ವರ್ಷಗಳ ನಂತರ ಇದು ಸವೆಯಬಹುದು, ಮತ್ತೆ ಮಾಡಿಸಬೇಕಾಗುತ್ತದೆ ಎಂದು ಮೊದಲೇ ಹೇಳಿದರು. ಆ ಖರ್ಚು ಚೀಟಿಯ ದುಡ್ಡಿನಿಂದ ಹೋಯಿತು. ಮಗಳ ಕಾಲೇಜಿನ ಶುಲ್ಕವನ್ನು ಎರಡು ಕಂತಿನಲ್ಲಿ ಕಟ್ಟಿದೆವು.

ನಮ್ಮ ಜಮಾಅತಿನ ಬೈತುಲ್‌ಮಾಲ್‌ನಿಂದ ಹೃದಯದ ಶಸ್ತ್ರಚಿಕಿತ್ಸೆಗೆ, ಡಯಾಲಿಸಿಸ್‌ಗೆ ನೆರವು ಕೊಟ್ಟದ್ದನ್ನು ಕೇಳಿದ್ದೇನೆ. ಹಲ್ಲಿಗೆ ಕೇಳಿದವರನ್ನು ನೋಡಿಲ್ಲ. ಕೊಡುವುದಿಲ್ಲ ಎಂದಲ್ಲ, ಕೇಳಲು ನಾಚಿಕೆ. ವಾರಗಟ್ಟಲೆ ನೋವು ನುಂಗಿ, ಮಾತ್ರೆಯಲ್ಲಿ ಹೊಟ್ಟೆ ಕೆಡಿಸಿಕೊಂಡು, ಕೊನೆಗೆ ಕೀಳಿಸಿಕೊಂಡು ಬರುವ ಹೆಂಗಸರು ಪ್ರತಿ ಕೇರಿಯಲ್ಲೂ ಇದ್ದಾರೆ. ಅವರ ಹಲ್ಲು ಹೋಗುವುದು ರೋಗದಿಂದಲ್ಲ, ಅದನ್ನು ರೋಗವೆಂದು ಯಾರೂ ಎಣಿಸದೆ ಇರುವುದರಿಂದ.

ಪಾವಗಡ ಈಗ 2,050 ಮೆಗಾವ್ಯಾಟಿನ ಸೌರ ವಿದ್ಯುತ್ ಪಾರ್ಕಿನ ಊರು. ತುಂಗಭದ್ರೆಯ ಹಿನ್ನೀರನ್ನು ಕೊಳವೆಯಲ್ಲಿ ತರುವ ಯೋಜನೆಯನ್ನೂ ಕೈಗೊಂಡಿದ್ದಾರೆ. ಹಳ್ಳಿಗಳಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ನೀರಿನ ಘಟಕಗಳಿವೆ. ಆದರೆ ಘಟಕದ ನೀರು ಮನೆಯ ದೊಡ್ಡವರ ಲೋಟಕ್ಕೆ, ಅಡುಗೆಗೆ ಮತ್ತು ಮಕ್ಕಳ ಬಾಟಲಿಗೆ ಬೋರ್‌ವೆಲ್ ನೀರು ಎಂಬ ಏರ್ಪಾಡನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ತಿರುಗುಮುರುಗಾಗಬೇಕು. ನೀರು ಸಾಲದಿದ್ದರೆ ಮೊದಲ ಹಕ್ಕು ಎಂಟು ವರ್ಷದೊಳಗಿನ ಮಗುವಿನದು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನೂ ತಾಯಂದಿರು ತಿಳಿದಿರಲಿ.

ಕೊನೆಯ ದಿನ ತುಮಕೂರಿನಿಂದ ವಾಪಸು ಬರುವಾಗ ಕೊರಟಗೆರೆಯ ನಿಲ್ದಾಣದಲ್ಲಿ ಬಸ್ಸು ನಿಂತಿತು. ಕಾಲೇಜು ಹುಡುಗಿಯರು ಗುಂಪಾಗಿ ಹತ್ತಿದರು. ಅವರಲ್ಲೊಬ್ಬಳು ಕಂಡಕ್ಟರಿಗೆ ಏನೋ ತಮಾಷೆ ಮಾಡಿದಳು, ಬಸ್ಸೆಲ್ಲ ನಕ್ಕಿತು. ಆಪಾಳ ಮಗಳೂ ನಕ್ಕಳು. ಹಳೆಯ ಅಭ್ಯಾಸದಂತೆ ಅವಳ ದುಪಟ್ಟಾ ಬಾಯಿಗೆ ಬಂತು. ಹೇಳೋಣವೆಂದು ಅವಳ ಕಡೆ ತಿರುಗಿದೆ. ಆಗ ಗೊತ್ತಾಯಿತು, ನನ್ನದೂ ಬಾಯಿಯ ಮೇಲೇ ಇತ್ತು.