ನಮ್ಮ ಮೃಚ್ಛಕಟಿಕ

ಶಬ್ದರೂಪಗಳನ್ನು ಉರು ಹೊಡೆಸುತ್ತ ಮೂವತ್ತನಾಲ್ಕು ವರ್ಷ ಕಳೆದವನು ಮೋಟಾರು ಬಂಡಿಯ ವಿಷಯವಾಗಿ ಬರೆಯಹೊರಟರೆ ವಾಚಕರಿಗೆ ನಗು ಬಂದೀತು. ನನಗೂ ಬರುತ್ತದೆ. ಬೈಸಿಕಲ್ಲಿನ ಹೊರತು ಬೇರಾವ ವಾಹನವನ್ನೂ ನಾನು ನಡೆಸಿದವನಲ್ಲ. ಅದರ ಸರಪಳಿ ಕಳಚಿದರೂ ದಾರಿಯಲ್ಲಿ ಸಿಕ್ಕಿದ ಹುಡುಗರ ಕೈಯಲ್ಲಿ ಹಾಕಿಸಿಕೊಂಡವನು. ಆದರೆ ಕೆಲವು ವರ್ಷಗಳ ಕೆಳಗೆ ನಮ್ಮ ಮನೆಯ ಅಂಗಳದಲ್ಲಿ ಒಂದು ಹಳೆಯ ಜೀಪನ್ನು ಬಿಚ್ಚುವುದೂ ಕಟ್ಟುವುದೂ ಮತ್ತೆ ಬಿಚ್ಚುವುದೂ ಹದಿನಾಲ್ಕು ತಿಂಗಳು ನಡೆಯಿತು. ಅದರ ಎದುರಿಗೆ ಜಗಲಿಯ ಮೇಲೆ ಕುಳಿತಿದ್ದ ನನಗೆ, ಇಚ್ಛೆಯಿಲ್ಲದಿದ್ದರೂ, ಒಂದು ಹೊಸ ಶಾಸ್ತ್ರದ ಶ್ರವಣವಾಯಿತು.

ನಮ್ಮದು ಮೂಡಿಗೆರೆ ತಾಲ್ಲೂಕಿನಲ್ಲಿ, ಗುಡ್ಡದ ಮೇಲಿನ ಒಂಟಿಮನೆ. ಡಾಮರು ರಸ್ತೆಗೆ ಮೂರು ಮೈಲಿ ಮಣ್ಣಿನ ದಾರಿ. ನಡುವೆ ಒಂದು ಹಳ್ಳ, ಎರಡು ಕಡಿದಾದ ಏರು. ಬೇಸಗೆಯಲ್ಲಿ ಆ ದಾರಿಯಲ್ಲಿ ಯಾವ ವಾಹನವಾದರೂ ಬರುತ್ತದೆ. ಆಷಾಢ ಶ್ರಾವಣಗಳಲ್ಲಿ ಅದು ದಾರಿಯೋ ತೊರೆಯೋ ಎಂದು ಹೇಳಬರುವುದಿಲ್ಲ. 2019ನೆಯ ಆಗಸ್ಟಿನಲ್ಲಿ ಈ ಸೀಮೆಯಲ್ಲಿ ಬಿದ್ದ ಮಳೆಯನ್ನು ನಮ್ಮ ಜಿಲ್ಲೆಯ ವಾಚಕರು ಮರೆತಿರಲಾರರು. ಗುಡ್ಡಗಳು ಜಾರಿದುವು, ಚಾರ್ಮಾಡಿ ಘಾಟಿ ಕುಸಿದು ಸಂಚಾರ ನಿಂತಿತು. ಅಂತಹ ಒಂದು ರಾತ್ರಿ ನಮ್ಮ ಮನೆಯಾಕೆಗೆ ಹೊಟ್ಟೆನೋವು ಬಂದಿತು. ಕಷಾಯದಲ್ಲಿ ಹೋಗುವ ನೋವಲ್ಲವೆಂದು ನಡುರಾತ್ರಿಯ ಹೊತ್ತಿಗೆ ತಿಳಿಯಿತು. ವರಮಹಾಲಕ್ಷ್ಮಿಯ ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದಿದ್ದ ಮಗನು ತನ್ನ ಹೊಸ ಕಾರನ್ನು ಹೊರಡಿಸಿದನು. ಅದು ಹಳ್ಳದ ಈಚೆ ದಂಡೆಯಲ್ಲಿಯೇ ಕೆಸರಿನಲ್ಲಿ ಹೊಟ್ಟೆಯೂರಿ ಕುಳಿತುಬಿಟ್ಟಿತು. ಕೊನೆಗೆ ಬೆತ್ತದ ಕುರ್ಚಿಗೆ ಎರಡು ಬಿದಿರುಗಳನ್ನು ಬಿಗಿದು, ಆಕೆಯನ್ನು ಅದರಲ್ಲಿ ಕೂರಿಸಿ, ಮಗನೂ ನೆರೆಯ ಮೂವರೂ ಹೆಗಲು ಕೊಟ್ಟರು. ನಾನು ಲಾಟೀನು ಹಿಡಿದು ಮುಂದೆ ನಡೆದೆನು. ಮೂರು ಮೈಲಿಗೆ ನಾಲ್ಕು ಗಂಟೆ ಹಿಡಿಯಿತು. ಆ ನಾಲ್ಕು ಗಂಟೆಗಳನ್ನು ಕುರಿತು ಇದಕ್ಕಿಂತ ಹೆಚ್ಚಾಗಿ ಬರೆಯಲು ನನಗೆ ಈಗಲೂ ಮನಸ್ಸಿಲ್ಲ. ಕರುಳುಬಾಲ ಒಡೆದಿತ್ತು; ಚಿಕ್ಕಮಗಳೂರಿನಲ್ಲಿ ಶಸ್ತ್ರಕ್ರಿಯೆಯಾಗಿ ಆಕೆ ಬದುಕಿದಳು. ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು, ‘ಈ ವಯಸ್ಸಿನಲ್ಲಿ ನೀವು ಅಲ್ಲಿರುವುದು ಸರಿಯಲ್ಲ ಮೇಷ್ಟ್ರೇ’ ಎಂದರು.

ನನಗೂ ಹಾಗೆಯೇ ತೋರಿತು. ತೋಟವನ್ನು ಮಾರಿ ಪೇಟೆಯಲ್ಲಿ ಒಂದು ಸಣ್ಣ ಮನೆ ಕೊಳ್ಳುವುದೆಂದು ನಿಶ್ಚಯಿಸಿದೆನು. ಮನೆಯನ್ನೂ ನೋಡಿ ಬಂದೆನು. ಮನೆಯಾಕೆ ಒಪ್ಪಲಿಲ್ಲ. ‘ನನ್ನನ್ನು ಹೊತ್ತುಕೊಂಡು ಹೋದವರು ಇಲ್ಲಿದ್ದಾರೆ, ಅಲ್ಲಿ ಯಾರಿದ್ದಾರೆ?’ ಎಂಬುದೊಂದೇ ಅವಳ ವಾದ. ಅಷ್ಟರಲ್ಲಿ 2020ರ ಸಾಂಕ್ರಾಮಿಕದ ಕಾಲದಲ್ಲಿ ಮಗನು ಮನೆಗೆ ಬಂದವನು ಮತ್ತೆ ಬೆಂಗಳೂರಿಗೆ ಹೋಗಲಿಲ್ಲ. ತೋಟ ನೋಡಿಕೊಳ್ಳುವೆನೆಂದನು. ಮಾರನೆಯ ವರ್ಷ ಒಂದು ದಿನ, ನನ್ನನ್ನು ಒಂದು ಮಾತು ಕೇಳದೆ, ಕಾರನ್ನು ಮಾರಿ ಆ ಹಣದಲ್ಲಿ ಈ ಜೀಪನ್ನು ತಂದನು. ತಂದನೆಂದರೆ ಲಾರಿಯ ಮೇಲೆ ಹೇರಿಸಿ ತಂದನು. ಅದಕ್ಕೆ ತಾನೇ ಬರುವ ಶಕ್ತಿಯಿರಲಿಲ್ಲ.

ಅಮೆರಿಕದ ಸೈನ್ಯಕ್ಕೆಂದು ವಿಲ್ಲೀಸ್ ಕಂಪನಿಯವರು 1941ರಿಂದ ತಯಾರಿಸಿದ ಜೀಪನ್ನು, ಯುದ್ಧ ಮುಗಿದ ಮೇಲೆ ಮುಂಬಯಿಯ ಮಹೀಂದ್ರಾ ಸಂಸ್ಥೆಯವರು ಬಿಡಿಭಾಗಗಳನ್ನು ತರಿಸಿ ಇಲ್ಲಿ ಜೋಡಿಸತೊಡಗಿದರು. ಬಳಿಕ ತಾವೇ ತಯಾರಿಸಿದರು. ನಮ್ಮ ಮಲೆನಾಡಿನ ಕಾಫಿ ತೋಟಗಳಿಗೆ ಗೊಬ್ಬರ, ಕೂಲಿಯಾಳು, ಬಾಣಂತಿ, ಮದುವೆಯ ದಿಬ್ಬಣ ಎಲ್ಲವೂ ಬಂದುದು ಆ ವಂಶದ ಬಂಡಿಗಳಲ್ಲಿಯೇ. ಮಗನು ತಂದದ್ದು ಅದೇ ವಂಶದ, ಉದ್ದ ಮೈಯ, 1994ರ ಬಂಡಿ. ಪೂಜೋ ಎಂಬ ಫ್ರೆಂಚ್ ಕಂಪನಿಯ ಮಾದರಿಯ 2112 ಘನ ಸೆಂಟಿಮೀಟರಿನ ಡೀಸೆಲ್ ಯಂತ್ರ. ಹಿಂದೆ ತೆರೆದ ಪೆಟ್ಟಿಗೆ, ಅಂದರೆ ಈಗಿನವರು ಪಿಕಪ್ ಎನ್ನುವ ಆಕಾರ. ಮೈಯೆಲ್ಲ ಹಳೆಯ ಕೆಸರು. ಕೆಸರನ್ನು ಕೆರೆದರೆ ಅದರೊಡನೆ ತಗಡೂ ಉದುರುತ್ತಿತ್ತು. ‘ಶೂದ್ರಕನ ಮಣ್ಣಿನ ಬಂಡಿಯಾದರೂ ಇದಕ್ಕಿಂತ ಗಟ್ಟಿಯಾಗಿದ್ದಿತು’ ಎಂದು ನಾನು ಕೊಂಕು ನುಡಿದೆನು. ಅಂದಿನಿಂದ ಅದಕ್ಕೆ ಮೃಚ್ಛಕಟಿಕವೆಂದೇ ಹೆಸರಾಯಿತು. ಆ ನಾಟಕದಲ್ಲಿ ಚಾರುದತ್ತನ ಮಗು ಮಣ್ಣಿನ ಬಂಡಿ ಬೇಡ, ಚಿನ್ನದ್ದು ಬೇಕೆಂದು ಅಳುತ್ತದೆ. ನಮ್ಮ ಮನೆಯಲ್ಲಿ ಮಗನು ಹೊಳೆಯುವ ಬಂಡಿಯನ್ನು ಕೊಟ್ಟು ಮಣ್ಣಿನದನ್ನು ತಂದಿದ್ದನು, ಅಳುವುದು ನನ್ನ ಪಾಲಿಗೆ ಬಂದಿತ್ತು.

ಅದನ್ನು ದುರಸ್ತು ಮಾಡಲು ಬಂದ ಮೇಸ್ತ್ರಿ ನನ್ನ ಹಳೆಯ ಶಿಷ್ಯನು. ‘ರಾಮಃ ರಾಮೌ ರಾಮಾಃ’ ಎಂಬಲ್ಲಿಂದ ಮುಂದೆ ಸಾಗಲಾರದೆ ನನ್ನ ತರಗತಿಯಲ್ಲಿ ಬೆಂಚಿನ ಮೇಲೆ ನಿಂತವನು. ಅಂತಹವನು ಬಂಡಿಯ ಕೆಳಗೆ ಅಂಗಾತನೆ ಮಲಗಿ, ಮೇಲೆ ನೋಡದೆಯೇ, ಕೈಯಿಟ್ಟ ತಿರುಪಿನ ಅಳತೆಯನ್ನು ಹೇಳುತ್ತಿದ್ದನು.

ಬಂಡಿಯನ್ನು ಬಲಪಡಿಸುವುದೆಂದರೆ ಅದಕ್ಕೆ ಏನನ್ನಾದರೂ ಸೇರಿಸುವುದೆಂದು ನಾನು ತಿಳಿದಿದ್ದೆನು. ಅವರು ಮೊದಲು ಮಾಡಿದುದು ತೆಗೆಯುವ ಕೆಲಸ. ಹಿಂದಿನ ಯಜಮಾನರು ಗೊಬ್ಬರದ ಮೂಟೆಗಳ ಭಾರಕ್ಕೆಂದು ಹಿಂದಿನ ಕಮಾನುಪಟ್ಟಿಗಳಿಗೆ ಮತ್ತೆ ಎರಡೆರಡು ಪಟ್ಟಿಗಳನ್ನು ಹೇರಿದ್ದರು. ಅವನ್ನು ಬಿಚ್ಚಿದರು, ಉಳಿದವುಗಳ ತುಕ್ಕನ್ನು ಉಜ್ಜಿ, ಒಂದರ ಮೇಲೊಂದು ಜಾರುವಂತೆ ಮಾಡಿದರು. ಇದರ ಕಾರಣವನ್ನು ಕೇಳಿದಾಗ ಶಿಷ್ಯನು ವಿವರಿಸಿದನು: ಪಟ್ಟಿ ಬಿರುಸಾದರೆ ಬಗ್ಗುವುದಿಲ್ಲ, ಬಗ್ಗದಿದ್ದರೆ ಹೊಂಡದ ದಾರಿಯಲ್ಲಿ ಒಂದು ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ನಿಲ್ಲುತ್ತದೆ, ಅಲ್ಲಿಗೆ ಬಂಡಿ ಕೆಟ್ಟಿತು.

ಒಂದು ಚಕ್ರ ಮೇಲೆದ್ದರೆ ಮಿಕ್ಕ ಮೂರು ಏಕೆ ಎಳೆಯಬಾರದು? ಇದು ನನ್ನ ಪೂರ್ವಪಕ್ಷ. ಎರಡು ಚಕ್ರಗಳ ನಡುವಿನ ಅಚ್ಚನ್ನು ಮೇಸ್ತ್ರಿ ಆಕ್ಸಲ್ ಎನ್ನುತ್ತಾನೆ. ಇಂಗ್ಲಿಷಿನ ಆ ಶಬ್ದವೂ ಸಂಸ್ಕೃತದ ಅಕ್ಷವೂ ಒಂದೇ ಮೂಲದಿಂದ ಹುಟ್ಟಿದುವು. ನಮ್ಮ ಗಾಡಿಯವರ ಅಚ್ಚು ಆ ಅಕ್ಷದ ತದ್ಭವ. ಇದನ್ನು ಹೇಳಿದಾಗ ಶಿಷ್ಯನಿಗೆ ಬಹಳ ಸಂತೋಷವಾಯಿತು. ನಾನು ಅವನಿಗೆ ಕಲಿಸಿದ ಮೊದಲನೆಯ ಪಾಠ ಇದೇ ಇರಬೇಕು. ಆ ಅಚ್ಚಿನ ನಡುವೆ ಉಬ್ಬಿದ ಒಂದು ಗುಡಾಣವಿದೆ, ಅದರೊಳಗೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಸಂಸಾರವಿದೆ. ಅದರ ಪ್ರಯೋಜನವನ್ನು ತಿಳಿಸಲು ಮಗನು ಬೇರೆ ದೃಷ್ಟಾಂತವನ್ನು ಹುಡುಕಲಿಲ್ಲ.

‘ಅಪ್ಪಯ್ಯ, ಅಮ್ಮನನ್ನು ಹೊತ್ತುಕೊಂಡು ಹೋದ ರಾತ್ರಿ, ಆಲದಮರದ ತಿರುವಿನಲ್ಲಿ ಹೊರಗಡೆ ಇದ್ದವನು ನಾನು. ಒಳಗಿನವರು ಎರಡು ಹೆಜ್ಜೆ ಇಡುವಾಗ ನಾನು ಮೂರು ಇಡಬೇಕಾಯಿತು. ಇಲ್ಲದಿದ್ದರೆ ಕುರ್ಚಿ ತಿರುಗುತ್ತಿರಲಿಲ್ಲ. ಚಕ್ರಗಳಿಗೂ ಹಾಗೆಯೇ, ಒಳಗಿನದಕ್ಕೆ ಕಡಿಮೆ, ಹೊರಗಿನದಕ್ಕೆ ಹೆಚ್ಚು ಓಡಲು ಬಿಡುವುದು ಇದರ ಕೆಲಸ’ ಎಂದನು.

ನಾವಿಬ್ಬರೂ ಆ ರಾತ್ರಿಯ ಮಾತನ್ನು ಎರಡು ವರ್ಷಗಳಿಂದ ಎತ್ತಿರಲಿಲ್ಲ. ಶಿಷ್ಯನು ಇದನ್ನರಿಯದೆ ಬಂಡಿಯ ಕೆಳಗಿನಿಂದಲೇ ಮಾತು ಮುಂದುವರಿಸಿದನು: ‘ಆದರೆ ಒಂದು ಫರಕು ಉಂಟು ಮೇಷ್ಟ್ರೇ. ನಾಲ್ವರಲ್ಲಿ ಒಬ್ಬನು ಜಾರಿದರೆ ಮಿಕ್ಕವರು ಭಾರ ತಗೊಳ್ತಾರೆ. ಇದರಲ್ಲಿ ಜಾರಿದ ಚಕ್ರವೇ ಗಿರಗಿರನೆ ತಿರುಗ್ತದೆ, ನೆಲ ಹಿಡಿದದ್ದು ಸುಮ್ಮನೆ ನಿಲ್ತದೆ.’ ಆದಕಾರಣ ನಾಲ್ಕು ಚಕ್ರಗಳನ್ನೂ ನೆಲದಲ್ಲಿ ಇರಿಸುವುದೇ ಮುಖ್ಯ. ಅದಕ್ಕಾಗಿ ಪಟ್ಟಿ ಮೆತ್ತಗಿರಬೇಕು. ಅಲ್ಲಿಗೆ ನನ್ನ ಪೂರ್ವಪಕ್ಷ ಬಿದ್ದುಹೋಯಿತು.

ಮತ್ತೊಂದು ವಾದವನ್ನೂ ಸೋತೆನು. ಯಂತ್ರದ ಬಲವನ್ನು ಮುಂದಿನ ಅಚ್ಚಿಗೂ ಹಂಚಲು ಗೇರಿನ ಕೋಲಿನ ಪಕ್ಕದಲ್ಲಿ ಒಂದು ಪುಟ್ಟ ಕೋಲು, ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸಲು ಇನ್ನೊಂದು. ನಾಲ್ಕು ಚಕ್ರಗಳಿಗೆ ಹಣ ಕೊಟ್ಟು ಎರಡರಲ್ಲೇ ಓಡಿಸುವುದೇಕೆ, ಸದಾ ನಾಲ್ಕೂ ಎಳೆಯಲಿ ಎಂದು ನಾನೆಂದೆನು. ಹಾಗಾಗದಂತೆ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಆ ಬಗೆಯ ಹೊಂದಾಣಿಕೆ ಈ ಬಂಡಿಯಲ್ಲಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ಬಳಸಿನಲ್ಲಿ ಹೋಗುತ್ತವೆ. ಕೆಸರಿನಲ್ಲಾದರೆ ಚಕ್ರ ತುಸು ಜಾರಿ ವ್ಯತ್ಯಾಸವನ್ನು ಸರಿಮಾಡಿಕೊಳ್ಳುತ್ತದೆ. ಒಣಗಿದ ಡಾಮರಿನಲ್ಲಿ ಜಾರಲು ಎಡೆಯಿಲ್ಲದೆ ಒಳಗಿನ ದಂಡಗಳು ಹುರಿಗೊಂಡು ಮುರಿಯುತ್ತವೆ.

ತಗ್ಗಿನ ಗೇರಿನ ವಿಷಯ ಮಾತ್ರ ನನ್ನ ಮನಸ್ಸಿಗೆ ಬಹಳ ಹಿಡಿಸಿತು. ಆ ಕೋಲನ್ನು ಎಳೆದೊಡನೆ ಬಂಡಿಯ ವೇಗ ಸುಮಾರು ಎರಡೂವರೆ ಪಟ್ಟು ಇಳಿದು ಎಳೆತ ಅಷ್ಟೇ ಏರುತ್ತದೆ. ಮೊದಲನೆಯ ಗೇರಿನಲ್ಲಿ ಅದು ಮುದುಕನ ನಡಿಗೆಯಲ್ಲಿ ಹೋಗುತ್ತದೆ. ಇಳಿಜಾರಿನಲ್ಲಿ ಬ್ರೇಕನ್ನು ಮುಟ್ಟಕೂಡದು. ಕೆಸರಿನಲ್ಲಿ ಬ್ರೇಕು ಹಿಡಿದರೆ ಚಕ್ರ ನಿಂತು ಬಂಡಿ ಜಾರುತ್ತದೆ. ಯಂತ್ರವೇ ತನ್ನ ಭಾರದಿಂದ ಚಕ್ರಗಳನ್ನು ತಡೆದು ಇಳಿಸಬೇಕು. ಮೊದಲ ಸಲ ನನ್ನನ್ನು ಕೂರಿಸಿಕೊಂಡು ಹಳ್ಳದ ಕಡೆ ಇಳಿದಾಗ, ಮಗನು ಎರಡು ಕಾಲುಗಳನ್ನೂ ನೆಲದಲ್ಲಿ ಊರಿ ಸುಮ್ಮನೆ ಕುಳಿತುದನ್ನು ಕಂಡು ನನ್ನ ಜೀವ ಬಾಯಿಗೆ ಬಂದಿತು. ‘ಬ್ರೇಕು ಹಾಕೋ!’ ಎಂದು ಕೂಗಿದೆನು. ‘ಸುಮ್ಮನಿರಿ ಅಪ್ಪಯ್ಯ’ ಎಂದನು. ಆ ವಯಸ್ಸಿನವರೆಗೆ ಅವನು ನನಗೆ ಹಾಗೆ ಹೇಳಿದ್ದು ಅದೇ ಮೊದಲು.

ಹಳ್ಳವನ್ನು ದಾಟುವ ಸಿದ್ಧತೆ ಬೇರೆಯೇ ಒಂದು ಅಧ್ಯಾಯ. ಓಡಿ ಬಿಸಿಯಾದ ಅಚ್ಚಿನ ಗುಡಾಣ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಗಾಳಿ ನೀರನ್ನು ಒಳಕ್ಕೆ ಸೆಳೆಯುತ್ತದೆ. ನೀರು ಬೆರೆತ ಎಣ್ಣೆ ಹಾಲಿನಂತೆ ಬೆಳ್ಳಗಾಗಿ ಹಲ್ಲುಗಳನ್ನು ತಿನ್ನುತ್ತದೆ. ಗುಡಾಣಕ್ಕೆ ಉಸಿರಾಡಲು ಇರುವ ಸಣ್ಣ ರಂಧ್ರಕ್ಕೆ ರಬ್ಬರಿನ ನಳಿಗೆಯನ್ನು ಜೋಡಿಸಿ ಬಾನೆಟ್ಟಿನ ಎತ್ತರಕ್ಕೆ ಒಯ್ದರು. ಬಂಡಿಗೂ ಪ್ರಾಣಾಯಾಮ ಬೇಕೆಂದು ನಾನು ಅಂದುದಕ್ಕೆ ಶಿಷ್ಯನು ಶಾಸ್ತ್ರಾರ್ಥವೆಂದೇ ತಿಳಿದು ತಲೆದೂಗಿದನು.

ಬೇಡವೆಂದು ಬಿಟ್ಟವುಗಳೂ ಅನೇಕ. ಬೆಂಗಳೂರಿನ ಶಿವಾಜಿನಗರದ ಗುಜರಿಗೆ ಹಳೆಯ ಹಲ್ಲುಚಕ್ರಗಳನ್ನು ಹುಡುಕಿಕೊಂಡು ಹೋದಾಗಲೆಲ್ಲ ಮಗನ ಗೆಳೆಯರು ದೊಡ್ಡ ಟೈರು ಹಾಕು, ನೆತ್ತಿಯ ಮೇಲೆ ದೀಪಗಳ ಸಾಲು ಕಟ್ಟು ಎನ್ನುತ್ತಿದ್ದರಂತೆ. ದೊಡ್ಡ ಟೈರು ಹಾಕಿದರೆ ಅಚ್ಚಿನ ಮೇಲೆ ಹೆಚ್ಚಿನ ಸೆಳೆತ. ಅಲ್ಲದೆ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನಂತೆ ತಯಾರಕರು ನಿಗದಿಪಡಿಸಿದುದನ್ನು ಮನಬಂದಂತೆ ಮಾರ್ಪಡಿಸಕೂಡದು. ಹಳೆಯ ಅಳತೆಯ ಸಪುರ ಟೈರುಗಳನ್ನೇ ಹಾಕಿ, ಮಳೆಗಾಲಕ್ಕೆ ಕಬ್ಬಿಣದ ಸರಪಳಿಗಳನ್ನು ತಂದಿಟ್ಟನು. ತೋಟದ ಡ್ರೈವರುಗಳು ಹಿಂದಿನಿಂದ ಮಾಡಿಕೊಂಡು ಬಂದದ್ದೂ ಅದೇ. ಭಾನುವಾರಗಳಲ್ಲಿ ನಮ್ಮ ಗುಡ್ಡಗಳ ಹುಲ್ಲನ್ನು ಚಕ್ರಗಳಿಂದ ಉತ್ತು, ಕೇಕೆ ಹಾಕಿ, ಫೋಟೋ ತೆಗೆಸಿಕೊಂಡು ಹೋಗುವ ಯುವಕರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರು ಉತ್ತ ಜಾಡಿನಲ್ಲಿಯೇ ಮಳೆಗಾಲದ ನೀರು ಕೊರೆದು ಇಳಿಯುತ್ತದೆ. ಕೆಳಗೆ ಇರುವವರು ನಾವು.

ಒಂದಕ್ಕೆ ಮಾತ್ರ ಅವನು ಕೈಬಿಚ್ಚಿ ವೆಚ್ಚ ಮಾಡಿದನು. ಹಿಂದಿನ ಪೆಟ್ಟಿಗೆಯ ತುಕ್ಕು ತಿಂದ ತಳವನ್ನು ತೆಗೆಸಿ ದಪ್ಪ ತಗಡನ್ನು ಹೊಸದಾಗಿ ಬೆಸೆಯಿಸಿದನು. ಅದರ ಮೇಲೆ ರಬ್ಬರು, ಪಕ್ಕಗಳಲ್ಲಿ ಬಿಗಿಯಲು ನಾಲ್ಕು ಕೊಂಡಿಗಳು. ಕೊಂಡಿಗಳ ಸ್ಥಾನವನ್ನು ಗುರುತಿಸುವಾಗ ಮನೆಯೊಳಗಿನಿಂದ ನವಾರಿನ ಮಂಚವನ್ನು ತಂದು ಇಟ್ಟು ನೋಡಿದನು. ಮನೆಯಾಕೆ ಬಾಗಿಲಲ್ಲಿ ನಿಂತು, ‘ನನ್ನ ಅಳತೆ ತೆಗೀತಿದ್ದೀಯೇನೋ?’ ಎಂದು ನಕ್ಕಳು. ಅವನು ತಲೆಯೆತ್ತಲಿಲ್ಲ. ನಾನು ಎದ್ದು ಒಳಗೆ ಹೋದೆನು.

ಆ ಮಂಚ ಆಕೆಗಾಗಿ ಏರಲಿಲ್ಲ. 2024ರ ಜುಲೈ ತಿಂಗಳಿನ ಮಳೆಯಲ್ಲಿ ಒಂದು ಬೆಳಗಿನ ಜಾವ ನೆರೆಮನೆಯ ಹುಡುಗನು ಓಡಿಬಂದನು. ಅವನ ತಾತನಿಗೆ ಮಾತು ತೊದಲಿ ಬಲಗೈ ಬಿದ್ದುಹೋಗಿತ್ತು. ಕುರ್ಚಿಯ ರಾತ್ರಿ ಹೆಗಲು ಕೊಟ್ಟ ನಾಲ್ವರಲ್ಲಿ ಆತನೊಬ್ಬನು. ಆಗಲೇ ಅರವತ್ತು ದಾಟಿದ್ದವನು. ಮಗನು ಚಕ್ರಗಳಿಗೆ ಸರಪಳಿ ಬಿಗಿಯುವಷ್ಟರಲ್ಲಿ ನಾವು ಮಂಚವನ್ನು ಏರಿಸಿ ಕೊಂಡಿಗಳಿಗೆ ಕಟ್ಟಿದೆವು. ಟಾರ್ಪಾಲಿನ ಒಂದು ತುದಿಯನ್ನು ಹಿಡಿದು ನಾನು ಆತನ ತಲೆಯ ಬಳಿ ಕುಳಿತೆನು. ಹಳ್ಳದಲ್ಲಿ ನೀರು ಅಚ್ಚನ್ನು ಮುಳುಗಿಸಿ ಹರಿಯುತ್ತಿದ್ದಿತು. ಬಂಡಿ ಒಂದು ಕಡೆಗೆ ವಾಲಿತು. ಹಿಂದಿನ ಎಡಚಕ್ರ ಒಮ್ಮೆ ಬರಿದೆ ತಿರುಗಿದ ಸದ್ದು ಕೇಳಿಸಿತು. ಮತ್ತೆ ನೆಲ ಹಿಡಿಯಿತು. ಮುದುಕನು ಎಡಗೈಯಿಂದ ನನ್ನ ಪಂಚೆಯ ಅಂಚನ್ನು ಹಿಡಿದುಕೊಂಡಿದ್ದನು. ಡಾಮರು ರಸ್ತೆಯನ್ನು ಸೇರುವುದಕ್ಕೆ ನಲವತ್ತು ನಿಮಿಷ ಹಿಡಿಯಿತು. ಅಲ್ಲಿ 108ರ ಆಂಬ್ಯುಲೆನ್ಸ್ ಕಾಯುತ್ತಿದ್ದಿತು.

ಆತನಿಗೆ ಮಾತು ಬಂದಿದೆ. ಕೈ ಪೂರ್ತಿಯಾಗಿ ಬಂದಿಲ್ಲ. ಪೇಟೆಯ ಮನೆಯ ಯೋಚನೆಯನ್ನು ನಾನು ಬಿಟ್ಟೆನೆಂದು ಹೇಳಲಾರೆ. ಮನೆಯಾಕೆಯೆದುರು ಎತ್ತುವುದಿಲ್ಲ, ಅಷ್ಟೆ. ಗುಡ್ಡ ಜಾರುವುದನ್ನು ಯಾವ ಬಂಡಿಯೂ ತಡೆಯಲಾರದೆಂಬುದು ಮಗನಿಗೂ ಗೊತ್ತಿದೆ.

ಅಂದು ಸಂಜೆ ಮಳೆ ತುಸು ಹೊಳವಾದಾಗ ಶಿಷ್ಯನು ಮೂಡಿಗೆರೆಯಿಂದ ನಡೆದೂ ಹತ್ತಿಯೂ ಬಂದನು. ಯಾರೂ ಹೇಳಿಕಳಿಸಿರಲಿಲ್ಲ. ಬಂದವನು ಕಾಫಿಯನ್ನೂ ಮುಟ್ಟದೆ ಬಂಡಿಯ ಕೆಳಗೆ ನುಸುಳಿ, ಹಿಂದಿನ ಅಚ್ಚಿನ ತಿರುಪನ್ನು ಸಡಿಲಿಸಿ, ಅಂಗೈಗೆ ನಾಲ್ಕು ತೊಟ್ಟು ಎಣ್ಣೆಯನ್ನು ಹಿಡಿದು ಹೊರಗೆ ಚಾಚಿದನು. ನಾನು ಕನ್ನಡಕವನ್ನು ಸರಿಪಡಿಸಿಕೊಂಡು ಬಾಗಿ ನೋಡಿದೆನು. ಎಣ್ಣೆ ಬೆಳ್ಳಗಾಗಿರಲಿಲ್ಲ.