ಅಪ್ಪನ ತಂಬೂರಿ, ನನ್ನ ಫೋನು

2020ರ ಲಾಕ್‌ಡೌನ್ ನೆನಪಿದೆಯಾ? ಆಗ ಮೂಗ್ ಕಂಪನಿಯವರು ತಮ್ಮ ಹಳೇ ಸಿಂಥಸೈಜರ್‌ನ ನಕಲು ‘ಮಿನಿಮೂಗ್ ಮಾಡೆಲ್ ಡಿ’ ಆಪ್ ಅನ್ನು ಕೆಲವು ದಿನ ಪುಕ್ಕಟೆ ಕೊಟ್ಟಿದ್ದರು. ಫ್ರೀ ಅಂದ್ರೆ ಬಿಡೋದುಂಟಾ? ಚಾಮರಾಜನಗರದ ಬಾಡಿಗೆ ರೂಮಿನಲ್ಲಿ ಕೂತು ಐಫೋನಿಗೆ ಇಳಿಸಿಕೊಂಡೆ. ತೆರೆದರೆ ಪರದೆ ತುಂಬಾ ತಿರುಗಿಸುವ ಗುಂಡಿಗಳು. ಯಾವುದನ್ನೋ ತಿರುಗಿಸಿದೆ, ದನಿಯೇ ನಿಂತುಹೋಯಿತು. ಮತ್ತೆ ಮೂರು ವರ್ಷ ಅದನ್ನು ಮುಟ್ಟಲಿಲ್ಲ.

ಮತ್ತೆ ತೆರೆದದ್ದು ಅಪ್ಪನಿಗಾಗಿ. ಗುಂಡ್ಲುಪೇಟೆ ಹತ್ತಿರದ ನಮ್ಮೂರಿನಲ್ಲಿ ಅವರು ತಂಬೂರಿ ಹಿಡಿದು ತತ್ವಪದ ಹಾಡುತ್ತಿದ್ದರು. ಲಕ್ವ ಹೊಡೆದು ಬಲಗೈ ಬೆರಳುಗಳು ಸೋತವು. ದನಿ ಉಳಿದಿತ್ತು. ಆದರೆ ‘ಸುರ್ತಿ ಇಲ್ದೆ ಹೆಂಗ್ಲಾ ಹಾಡದು?’ ಅಂತ ಸುಮ್ಮನಾಗಿಬಿಟ್ಟರು. ತಂಬೂರಿ ಆಪ್ ಕೇಳಿಸಿದೆ. ‘ಇದು ಕಛೇರಿಯವ್ರದು, ನಮ್ದಲ್ಲ’ ಅಂದರು.

ಸರಿ, ನಾನೇ ಮಾಡೋಣ ಅಂತ ಕಲಿಯಲು ಕೂತೆ. ಅಸಲಿ ಮಿನಿಮೂಗ್ ಬಂದದ್ದು 1970ರಲ್ಲಿ. ಅದರಲ್ಲಿ ಮೂರು ಆಸಿಲೇಟರ್‌ಗಳು ಒರಟು ದನಿ ಹುಟ್ಟಿಸುತ್ತವೆ. ಫಿಲ್ಟರ್ ಅದರ ಚೂಪನ್ನು ಸೋಸುತ್ತದೆ, ಹಿಟ್ಟು ಜರಡಿ ಹಿಡಿದ ಹಾಗೆ. ದನಿ ಎಷ್ಟು ಬೇಗ ಏಳಬೇಕು, ಎಷ್ಟು ಹೊತ್ತಿಗೆ ಆರಬೇಕು ಅನ್ನೋದಕ್ಕೆ ಬೇರೆ ಗುಂಡಿಗಳು. ಅವತ್ತು ನಾನು ಫಿಲ್ಟರನ್ನೇ ಪೂರ್ತಿ ಮುಚ್ಚಿದ್ದೆ! ಈ ಸಲ ಒಂದೊಂದೇ ಗುಂಡಿ ತಿರುಗಿಸಿ, ಕೇಳಿ, ಬರೆದಿಟ್ಟುಕೊಂಡೆ.

ಭಾನುವಾರ ಬಸ್ಸು ಹತ್ತಿ ಊರಿಗೆ ಹೋದೆ. ಮೂರು ದನಿಗಳನ್ನೂ ಚೂರೂ ಆಚೀಚೆಯಾಗದಂತೆ ಕೂಡಿಸಿದ್ದೆ. ಅಪ್ಪ ಕೇಳಿ, ‘ಸುರ್ತಿ ಸರ್ಯಾಗದ ಕನ, ಆದ್ರ ಉಸ್ರೇ ಇಲ್ವಲ್ಲ’ ಅಂದರು.

ಬೇಜಾರಾಯ್ತು. ವಾಪಸ್ ಬರುವಾಗ ಫೋನಿನಲ್ಲಿ ಓದಿದೆ: ಹಳೇ ಮೂಗ್‌ಗಳು ಬಿಸಿಯೇರಿದರೆ ಶ್ರುತಿ ಜಾರುತ್ತಿದ್ದವಂತೆ. ಅಂದಿನ ವಾದಕರಿಗೆ ತಲೆನೋವಾಗಿದ್ದ ಆ ಜಾರಾಟವನ್ನೇ ಇವತ್ತಿನ ಸಾಫ್ಟ್‌ವೇರ್‌ಗಳು ಬೇಕೆಂದೇ ನಕಲು ಮಾಡುತ್ತವೆ.

ಮುಂದಿನ ವಾರ ಎರಡನೇ ಆಸಿಲೇಟರನ್ನು ಕೂದಲೆಳೆಯಷ್ಟು ಮೇಲಕ್ಕೆ ಸರಿಸಿದೆ. ಎರಡು ದನಿಗಳ ನಡುವೆ ಸೆಕೆಂಡಿಗೆ ಒಂದು ಕಂಪನದ ವ್ಯತ್ಯಾಸವಿದ್ದರೆ ಸೆಕೆಂಡಿಗೊಮ್ಮೆ ನಾದ ಉಬ್ಬಿ ಇಳಿಯುತ್ತದೆ, ಉಸಿರಾಡಿದ ಹಾಗೆ.

ಅಪ್ಪ ಕಣ್ಣು ಮುಚ್ಚಿ ಕೇಳಿದರು. ‘ವಸಿ ಇಳ್ಸು’ ಅಂದರು. ಒಂದು ಮನೆ ಕೆಳಗಿನ ಕೀ ಒತ್ತಿದೆ. ಎರಡು ಸಾಲು ಹಾಡಿದರು, ಕೆಮ್ಮಿದರು, ಮತ್ತೆ ಹಾಡಿದರು. ಅವ್ವ ಒಲೆ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದಳು.

ಈಗ ಪ್ರತಿ ಭಾನುವಾರ ಕೀ ಒತ್ತಿ ಹಿಡಿಯೋದು ನನ್ನ ಕೆಲಸ. ಬೆರಳು ನೋಯುತ್ತದೆ. ಆದರೆ ಪದ ಮುಗಿಯೋ ತನಕ ಎತ್ತೋ ಹಾಗಿಲ್ಲ. ಎತ್ತಿದರೆ ಅಪ್ಪ ಬೈತಾರೆ.